ಕುಂಟೆತ್ತಿನ ಸಾಲಿ

ಎರೆಮಣ್ಣಿಗೆ ಮೊದಲ ಮಳೆ ಬಿದ್ದಾಗಿನ ವಾಸನೆ ಬೇರೆ, ಅದನ್ನೇ ನೀರು ಹಾಕಿ ಕಲಸಿದಾಗಿನ ವಾಸನೆ ಬೇರೆ. ಎರಡನೆಯದರಲ್ಲಿ ತುಸು ಸಗಣಿ, ತುಸು ಹಸಿ ಬೇರು, ಮಕ್ಕಳ ಅಂಗೈ ಬೆವರು ಎಲ್ಲ ಕೂಡಿರುತ್ತದೆ. ಈ ವರ್ಷ ಮಗಳ ಕೈ ಹಿಡಿದು ಬೈಲಹೊಂಗಲದ ನಮ್ಮ ಸಾಲಿಯ ಗೇಟು ದಾಟಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ನಿಂತೇಬಿಟ್ಟೆ. ಈಗ ದೊಡ್ಡ ಕಟ್ಟಡವಿರುವ ಈ ಜಾಗದಲ್ಲಿ ನಮ್ಮ ಅಜ್ಜನ ಮನೆಯಿತ್ತು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ದನಗಳೂ ನಾವೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಿದ್ದ ಮನೆ. ಆ ಬಾಗಿಲಿನ ಹೊಸ್ತಿಲೊಂದು ಬಿಟ್ಟರೆ ಇವತ್ತು ಏನೂ ಉಳಿದಿಲ್ಲ.

ಸಾಲಿ ಶುರು ಮಾಡಿದವಳು ನಮ್ಮ ಚಿಗವ್ವ, ಕಾಕಾನ ಹೆಂಡತಿ, ರಾಮದುರ್ಗದ ಹೆಣ್ಣು. ಮಾತು ಕಡಿಮೆ, ಹಟ ಸಿಕ್ಕಾಪಟ್ಟೆ. ಅಜ್ಜನನ್ನು ಕೇಳಿ ಬೀದಿಬದಿಯ ಕೋಣೆ ಇಸಿದುಕೊಂಡು ಓಣಿಯ ಸಣ್ಣ ಮಕ್ಕಳನ್ನು ಕೂಡಿಸಿದಳು. ನಾನೂ ಅವರಲ್ಲೊಬ್ಬಳು. ಪಾಟಿ ಬಳಪ ಮುಟ್ಟಿಸುವ ಮೊದಲು ಕೈಗೆ ಮಣ್ಣಿನ ಮುದ್ದೆ ಕೊಡುವುದು ಅವಳ ಪದ್ಧತಿ. ತಾಯಂದಿರಿಗೆ ಇದು ಹೇಗೆ ಒಪ್ಪಿಗೆಯಾದೀತು? ಅತ್ತ ಟೈ ಕಟ್ಟಿಸುವ ಕಾನ್ವೆಂಟ್ ಬಂದಿತ್ತು. ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಎದುರುಮನೆಯ ಶಿವಲೀಲಾಳಂತೂ ಬಾಗಿಲಲ್ಲೇ ನಿಂತು ಕೇಳಿದ್ದಳು.

"ಮಣ್ಣ ಕಲಸಾಕ ಸಾಲಿ ಯಾಕ ಬೇಕ್ರಿ ಅಕ್ಕೋರ? ಹಳ್ಳದ ದಂಡಿ ಸಾಲಂಗಿಲ್ಲೇನು?"

"ಕೈ ಗಟ್ಟಿ ಆಗಲಿ ತಂಗಿ. ಬಳಪ ತಾನ ಮಾತು ಕೇಳತೈತಿ," ಎಂದಳು ಚಿಗವ್ವ.

ಶಿವಲೀಲಾಳ ಮಗ ಬಸ್ಯಾ ಸಾಲಿಗೆ ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಮಣ್ಣಿನ ಎತ್ತು ಪೂಜಿಸುವ ಹಬ್ಬ ಮುಗಿದ ಮೇಲೆ ಅವನನ್ನೂ ಬಿಡಿಸುವುದೆಂದು ಅವಳು ಹೇಳಿಹೋದಳು. ಅಜ್ಜನ ತಾಳ್ಮೆಯೂ ಅಷ್ಟರಲ್ಲೇ ಇತ್ತು. ಮಣ್ಣೆತ್ತಿನ ಅಮಾವಾಸ್ಯೆ ತನಕ ನೋಡುವುದು, ಮಕ್ಕಳು ನಿಲ್ಲದಿದ್ದರೆ ಕೋಣೆಯನ್ನು ಗೊಬ್ಬರದ ಅಂಗಡಿಗೆ ಕೊಡುವುದು ಎಂದು ಊಟಕ್ಕೆ ಕುಳಿತಾಗ ಹೇಳಿಬಿಟ್ಟ. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಆದರೆ ಆ ರೊಟ್ಟಿ ಹರಿದುಹೋಯಿತು.

ಮರುದಿನ ಅವಳು ಉಳಿದ ಮಕ್ಕಳನ್ನು ದನದ ಕೊಟ್ಟಿಗೆಗೆ ಕರೆದೊಯ್ದು ಅಜ್ಜನ ಎತ್ತಿನ ಡುಬ್ಬ, ಕೋಡು, ಮೊಣಕಾಲು ಮುಟ್ಟಿಸಿದಳು. ಆಮೇಲೆ ಎಲ್ಲರೂ ಎತ್ತು ಮಾಡಿದೆವು. ಮಣ್ಣು ನೀರಾಗಿತ್ತೋ, ಕೈ ಎಳೆಯವಿದ್ದವೋ, ಒಣಗುವಷ್ಟರಲ್ಲಿ ಒಂದೊಂದರದೂ ಕಾಲು ಮುರಿದಿತ್ತು. ಓಣಿಯವರು ಹೊಟ್ಟೆ ಹಿಡಿದು ನಕ್ಕರು. ಕುಂಟೆತ್ತಿನ ಸಾಲಿ ಎಂಬ ಹೆಸರು ಅವತ್ತೇ ಬಿತ್ತು. ಅಮಾವಾಸ್ಯೆಯ ದಿನ ಮನೆಮನೆಯ ದೇವರ ಜಗಲಿ ಮೇಲೆ ಕುಂಬಾರರ ಎತ್ತುಗಳೇ ಕುಳಿತವು. ಗೊಬ್ಬರದವನು ಬಂದು ಕೋಣೆ ನೋಡಿಕೊಂಡು ಹೋದ. ನಮ್ಮೆತ್ತುಗಳನ್ನು ಚಿಗವ್ವ ಒಂದು ಹರಿವಾಣದಲ್ಲಿಟ್ಟು ಮುಚ್ಚಿದಳು. ಅವಳು ಸೋತಳೆಂದೇ ನಾನು ತಿಳಿದೆ.

ನಮ್ಮ ಕಡೆ ಅಮಾವಾಸ್ಯೆಯ ಮರುದಿನ ಹುಡುಗರು ಕಾಲು ಮುರಿದ ಒಂದು ಮಣ್ಣೆತ್ತನ್ನು ಹಿಡಿದು, ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ಬಾಗಿಲಿಗೆ ಬಂದ ಕುಂಟೆತ್ತನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲ. ಬೆಳಿಗ್ಗೆ ಚಿಗವ್ವ ಹರಿವಾಣ ತೆರೆದು ಎಲ್ಲರ ಕೈಗೂ ಅವರವರ ಎತ್ತು ಕೊಟ್ಟಳು. ಓಣಿಗೆ ಒಂದು ಕುಂಟೆತ್ತು ಬರುವುದು ವಾಡಿಕೆ. ಅವತ್ತು ಇಡೀ ಸಾಲಿಯೇ ಕುಂಟೆತ್ತು ಹಿಡಿದು ಹೊರಟಿತು! ನಕ್ಕವರೇ ಮೊರ ತುಂಬಿ ತಂದರು. ಟೆಂಪೋ ಓಡಿಸುವ ಸಾಬರ ಮನೆಯಿಂದಲೂ ಜೋಳ ಬಂತು. ಕೊನೆಗೆ ಶಿವಲೀಲಾಳ ಬಾಗಿಲು. ಹಿಟ್ಟಿನ ಕೈಯಲ್ಲೇ ಹೊರಬಂದವಳು ಮಗನ ಎತ್ತನ್ನು ನೋಡಿ, ಇದನ್ನು ಯಾರು ಮಾಡಿದ್ದು ಎಂದು ಚಿಗವ್ವನನ್ನು ಕೇಳಿದಳು. ಚಿಗವ್ವ ಬಸ್ಯಾನ ಕಡೆ ತಿರುಗಿದಳು.

"ನಾ ಮಾಡೇನಿ," ಎಂದ ಬಸ್ಯಾ, ಓಣಿಗೆಲ್ಲ ಕೇಳುವಂತೆ. "ಇದರ ಕಾಲು ನೋಯಾಕ ಹತ್ತೈತಿ. ಜ್ವಾಳ ನೀಡಬೇ ಯವ್ವಾ."

ಶಿವಲೀಲಾ ಸೆರಗಿನ ತುಂಬ ಜೋಳ ತಂದು ಸುರಿದಳು, ಕಣ್ಣು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಹಿಟ್ಟು ಮಾಡಿಕೊಂಡಳು. ಬಸ್ಯಾನನ್ನು ಬಿಡಿಸುವ ಮಾತು ಮತ್ತೆ ಆಡಲಿಲ್ಲ. ಸಂಜೆ ಕೋಣೆಯಲ್ಲಿ ಬಿದ್ದ ಜೋಳದ ರಾಶಿಯನ್ನು ಅಜ್ಜ ಬಹಳ ಹೊತ್ತು ನೋಡಿದ. ಸೋಲು ಒಪ್ಪುವ ಜೀವವಲ್ಲ ಅದು.

"ಇಲ್ಲಿ ಗೊಬ್ಬರ ಇಟ್ರ ಜ್ವಾಳಕ್ಕ ವಾಸನಿ ಹತ್ತತೈತಿ," ಎಂದ. "ಅವಗ ಬ್ಯಾಡಂತ ಹೇಳತೇನಿ."

ಆಮೇಲೆ ಸಾಲಿ ನಮ್ಮ ಮನೆಯನ್ನು ಕೋಣೆ ಕೋಣೆಯಾಗಿ ನುಂಗಿತು. ಪಡಸಾಲೆ ಹೋಯಿತು, ಕೊಟ್ಟಿಗೆ ಹೋಯಿತು, ಅಜ್ಜ ಹೋದ ಮೇಲೆ ಅವನು ಮಲಗುತ್ತಿದ್ದ ಕಟ್ಟೆಯೂ ಹೋಯಿತು. ಸಂಪಗಾಂವ, ಸಂಗೊಳ್ಳಿಯಿಂದ ಮಕ್ಕಳು ಬಂದರು. ಮನೋಳಿಯಲ್ಲೂ ಒಂದು ಸಾಲಿಯಾಯಿತು. ಮನೆ ಕೆಡವಿದ ದಿನ ನಾನು ಅತ್ತೆ. ಚಿಗವ್ವ ಅಳಲಿಲ್ಲ, ಹೊಸ್ತಿಲು ಮಾತ್ರ ಒಡೆಯಬೇಡಿರೆಂದಳು. ಅದೇ ಈಗ ಗೇಟಿನ ಕೆಳಗಿದೆ.

ಇವತ್ತು, ಈ ವರ್ಷದ ಅಮಾವಾಸ್ಯೆಯ ಮರುದಿನ, ಮಕ್ಕಳು ಎತ್ತು ಹಿಡಿದು ಹೊರಟಾಗ, ಎಲ್ಲಕ್ಕೂ ಮೊದಲು ಆ ಹೊಸ್ತಿಲಲ್ಲಿ ನಿಂತು ಜೋಳ ಕೇಳಿದರು. ಮುಪ್ಪಿನ ಚಿಗವ್ವ ಮೊರ ಹಿಡಿದು ಅಲ್ಲೇ ಕುಳಿತಿದ್ದಳು. ನನ್ನ ಮಗಳ ಕಣ್ಣಲ್ಲಿ ನೀರು. ಅವಳ ಎತ್ತಿನ ನಾಲ್ಕೂ ಕಾಲು ಗಟ್ಟಿಯಾಗಿದ್ದವು; ಉಳಿದ ಮಕ್ಕಳು ಒಂದು ಮುರಿ ಎಂದರೆ ಒಲ್ಲೆ ಎನ್ನುತ್ತಿದ್ದಳು. ಚಿಗವ್ವ ಅದನ್ನು ಅಂಗೈ ಮೇಲೆ ನಿಲ್ಲಿಸಿ ನೋಡಿದಳು.

"ಮುರೀಬ್ಯಾಡ ಬಿಡವಾ. ಇಷ್ಟ ವರ್ಷ ಕುಂಟಕೋತ ಬಂದೇವಿ, ಈ ವರ್ಷ ನಿಂತ ಹೋಗಲಿ."

ಜೋಳ ಸುರಿದ ಸದ್ದಿಗೆ ನಾನು ಹಿಂದೆ ತಿರುಗಿ, ಇಲ್ಲದ ಕಟ್ಟೆಯ ಮೇಲೆ ಅಜ್ಜನನ್ನು ಹುಡುಕಿದೆ.