ಕೊಳದ ಮೇಲಿನ ನೊರೆ

ರಾಮದುರ್ಗದಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯ ಅಕ್ಕ, ಏನೇ ಹೇಳುವ ಮೊದಲೂ ಸೆರಗಿಗೆ ಕೈ ಒರೆಸಿಕೊಂಡು "ಒಂಚೂರು ತಡೀರಿ" ಅನ್ನುತ್ತಿದ್ದರು. ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದು ಅವರ ಕೆಲಸ.

ಒಂದು ಮುಂಜಾನೆ ನಮ್ಮ ಹಿತ್ತಲಿನ ಮೀನಿನ ಕೊಳದ ತುಂಬ ನೊರೆ ಎದ್ದಿತ್ತು. ಎರಡು ಮೀನು ಸತ್ತು ತೇಲಿದ್ದವು. ನಾನು ಸಿಟ್ಟಿನಲ್ಲಿ ಗೋಡೆಯಾಚೆಗೆ ಕೂಗಿದೆ: "ನಿಮ್ಮ ಸಾಬೂನಿನ ನೀರು ಒಳಗ ಬಂದೈತಿ, ಬಂದು ನೋಡ್ರಿ!"

ಅವರು ಮುನಿಸಿಕೊಳ್ಳಲಿಲ್ಲ. "ಒಂಚೂರು ತಡೀರಿ" ಎನ್ನುತ್ತ ಬಂದು, ನೊರೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದರು. "ಸಾಬೂನಿನ ನೊರಿ ಜಾರತೈತಿ, ಲಗೂನ ಒಡೀತೈತಿ. ಇದು ಅಂಟತೈತಿ, ಮೀನಿನ ವಾಸನಿ ಅದ. ಮೀನಿಗೆ ಹಾಕಿದ ತಿನ್ನೂದು ಹೆಚ್ಚಾಗಿ ನೀರಾಗ ಕೊಳ್ಯಾಕ ಹತ್ತೈತ್ರಿ."

ಅಷ್ಟರಲ್ಲಿ ನಮ್ಮ ಅವ್ವ ರೊಟ್ಟಿ ಮುರಿಯುತ್ತ ಬಂದಳು. "ಪಾಪ, ಮುಂಜಾನಿಂದ ಹಸದಾವು." ಅದು ಆ ಬೆಳಗಿನ ಮೂರನೆಯ ರೊಟ್ಟಿ, ಅವಳಿಗೆ ನೆನಪಿರಲಿಲ್ಲ. ನಾನು ರೇಗಲು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದು ತಡೆದರು.

"ಅವ್ವಾರ, ಇವಕ್ಕ ಹೊಟ್ಟಿ ತುಂಬೇತ್ರಿ. ನಾಳಿ ಇಬ್ಬರೂ ಕೂಡಿ ಹಾಕೂಣು."

ಮರುದಿನದಿಂದ ಅವರು ಕೆಲಸ ಹಿಡಿಯುವ ಮುನ್ನ ಬಂದು, ಅವ್ವನ ಕೈಯಿಂದ ಒಂದೇ ತುಣುಕು ರೊಟ್ಟಿ ಹಾಕಿಸಿ, ಉಳಿದದ್ದನ್ನು ಅವಳ ಜೊತೆ ಕೂತು ತಿನ್ನುತ್ತಿದ್ದರು. ನಾನು ನಿತ್ಯ ಸ್ವಲ್ಪ ನೀರು ಬದಲಿಸಿದೆ. ಕೆಲವು ದಿನಗಳಲ್ಲಿ ನೊರೆ ಹೋಯಿತು.

ಅವ್ವ ಮಾತ್ರ ಗೋಡೆಯ ಬಳಿ ನಿಂತು, "ಮೀನಿಗೆ ಹಾಕೀವೇನವಾ?" ಎಂದು ದಿನವಿಡೀ ಕೇಳುತ್ತಿದ್ದಳು. ಅಕ್ಕ ಪ್ರತಿ ಸಲವೂ ಮೊದಲ ಸಲ ಕೇಳಿಸಿಕೊಂಡವರಂತೆ ಒಗೆಯುವುದನ್ನು ನಿಲ್ಲಿಸಿ, ಎದ್ದು ನಿಂತು ಉತ್ತರ ಕೊಡುತ್ತಿದ್ದರು.