ಅಲ್ಲಿ ಯಾರುಂಟು?

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ, ಮೊಳೆಯಲ್ಲಿ ನೀಲಿ ನೈಲಾನ್ ಹಗ್ಗದ ಒಂದು ಸುರುಳಿ ಇರುತ್ತಿತ್ತು. ಕೇರಳದ ಗಡಿಯೊಳಗಿನ ನಮ್ಮ ಬಂದ್ಯೋಡಿನ ಸುತ್ತಮುತ್ತ ಗಲ್ಫಿಗೆ ಹೋಗಿ ಬಂದವರ ಯಾವ ಮನೆಯಲ್ಲಿ ಹುಡುಕಿದರೂ ಇಂಥದೊಂದು ಹಗ್ಗ ಸಿಗುತ್ತದೆ. ರಟ್ಟಿನ ಪೆಟ್ಟಿಗೆಯನ್ನು ಉದ್ದಕ್ಕೂ ಅಡ್ಡಕ್ಕೂ ಬಿಗಿದು, ಯಾರಿಗೆ ಸೇರಬೇಕೋ ಅವರ ಹೆಸರನ್ನು ಮೇಲೆ ದಪ್ಪಕ್ಷರದಲ್ಲಿ ಬರೆಯುವುದು ನಮ್ಮ ಕಡೆಯ ಪದ್ಧತಿ. ನನ್ನ ಗಂಡ ಹಮೀದರ ಜೊತೆ ಈ ಹಗ್ಗ ಎಷ್ಟು ಸಲ ಹೋಗಿ ಎಷ್ಟು ಸಲ ಬಂದಿದೆಯೋ, ಲೆಕ್ಕವಿಟ್ಟವರಿಲ್ಲ. ಪಾಸ್‌ಪೋರ್ಟಾಗಲಿ ವೀಸಾ ಆಗಲಿ ಇಲ್ಲದೆ ಕಡಲು ದಾಟುವ ಅದರ ಭಾಗ್ಯಕ್ಕೆ ನಾನು ಒಳಗೊಳಗೇ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ನನ್ನ ಪ್ರಯಾಣವಾದರೋ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನ ತನಕ. ಅವರು ಒಳಗೆ, ನಾನು ಹೊರಗೆ. ಸರತಿಯಲ್ಲಿ ಅವರ ಬೆನ್ನು ಕಾಣಿಸುವಷ್ಟು ಹೊತ್ತು ನಿಂತು, ಸೆರಗಿನ ತುದಿಯಿಂದ ಕಣ್ಣೊರಸಿಕೊಂಡು, ಮರುದಿನ ಶಾಲೆಗೆ ಹೋಗಿ ಮಕ್ಕಳಿಗೆ ಕನ್ನಡ ಪಾಠ ಮಾಡಿದವಳು ನಾನು. ವಿರಹವೆಂಬ ಶಬ್ದಕ್ಕೆ ಅರ್ಥ ಹೇಳಲು ಮಾತ್ರ ನನಗೆ ಎಂದೂ ಗೈಡು ಬೇಕಾಗಲಿಲ್ಲ.

ಅವರು ಕೆಲಸ ಬಿಟ್ಟು ಊರಿಗೆ ಬಂದರು, ನಾನೂ ನಿವೃತ್ತಳಾದೆ. ಆಗ ಹಟ ಹಿಡಿದೆ: ಒಮ್ಮೆಯಾದರೂ ಆ ಬಾಗಿಲನ್ನು ಇವರ ಜೊತೆಯಲ್ಲೇ ದಾಟಬೇಕು, ಪರದೇಶದ ಒಂದು ಊರಿನಲ್ಲಿ ಇಬ್ಬರೂ ಕೆಲಸವಿಲ್ಲದೆ ತಿರುಗಬೇಕು. ಕೇರಳದ ಕಚೇರಿ ಕಾಗದಗಳಲ್ಲಿ ಪ್ರವಾಸಿ ಎಂದರೆ ಪರದೇಶದಲ್ಲಿ ದುಡಿಯುವವನು. ನನ್ನ ಕನ್ನಡದಲ್ಲಿ ಊರು ನೋಡಲು ಹೊರಟವನು. ಮೊದಲನೆಯದು ಸಾಕಷ್ಟಾಯಿತು, ಇನ್ನು ಎರಡನೆಯದಾಗಲಿ ಎಂದು, ಹತ್ತಿರದ ದ್ವೀಪವೆಂಬ ಕಾರಣಕ್ಕೆ ಮಾಲ್ದೀವ್ಸಿನ ರಾಜಧಾನಿ ಮಾಲೆಯನ್ನು ಆರಿಸಿದೆ. ಇವರು ಸುಲಭಕ್ಕೆ ಒಪ್ಪಲಿಲ್ಲ.

"ಫಾರಿನಿಗೆ ಹೋಗುವುದು ದುಡಿಯಲಿಕ್ಕೆ. ನೋಡ್ಲಿಕ್ಕೆ ಅಲ್ಲಿ ಎಂತ ಉಂಟು ಮಾರಾಯ್ತಿ?"

ನೆರೆಮನೆಯ ಸಾವಿತ್ರಕ್ಕನ ಪ್ರಶ್ನೆ ಇನ್ನೂ ನೇರ. "ಅಲ್ಲಿ ನಿಮ್ಮವರು ಯಾರುಂಟು?"

"ಯಾರೂ ಇಲ್ಲ."

"ಯಾರೂ ಇಲ್ಲದ ಊರಿಗೆ ಸುಮ್ಮನೆ ಯಾರಾದ್ರೂ ಹೋಗ್ತಾರಾ?"

ಇವರಿಗೆ ಮತ್ತೆ ಕೆಲಸ ಸಿಕ್ಕಿದೆ, ನಾವು ಬಾಯಿ ಬಿಡುತ್ತಿಲ್ಲ ಎಂದೇ ಸಾವಿತ್ರಕ್ಕ ತಿಳಿದರು. ಹೊರಡುವ ದಿನ ಹಲಸಿನ ಚಿಪ್ಸಿನ ಒಂದು ಡಬ್ಬ ತಂದು, ನಮ್ಮ ಕಡೆಯವರು ಯಾರಾದರೂ ಸಿಕ್ಕಿದರೆ ಕೊಡಿ ಎಂದರು. ಕೈಬೀಸಿಕೊಂಡು ವಿಮಾನ ಹತ್ತುವುದು ನಮ್ಮಲ್ಲಿ ಅಪಶಕುನವಲ್ಲದಿದ್ದರೂ ಅಗೌರವ. ಇವರು ಮೊಳೆಯಿಂದ ಹಗ್ಗ ತೆಗೆದು ಡಬ್ಬವನ್ನು ಬಿಗಿದರು. ಹೆಸರು ಬರೆಯಲು ಪೆನ್ನು ಹಿಡಿದವರು ಹಾಗೇ ನಿಂತುಬಿಟ್ಟರು. ಬರೆಯುವುದಕ್ಕೆ ಹೆಸರಿರಲಿಲ್ಲ.

ಕೊಚ್ಚಿಯಲ್ಲಿ ಗಾಜಿನ ಬಾಗಿಲು ದಾಟಿದೆ. ಇವರನ್ನು ಕಳಿಸುತ್ತಿದ್ದ ಊರು ಬೇರೆ, ಬಾಗಿಲು ಮಾತ್ರ ಅದೇ. ಇವರ ಕೈ ಹಿಡಿದುಕೊಂಡಿದ್ದೆ, ನಾಚಿಕೆಯೇನೂ ಆಗಲಿಲ್ಲ.

ಮಾಲೆಯೆಂದರೆ ಕಡಲಿನ ನಡುವೆ ಒಂದು ಹಿಡಿ ನೆಲ, ಆ ನೆಲವೇ ಕಾಣದಷ್ಟು ಕಟ್ಟಡ, ಕಟ್ಟಡಗಳ ಸಂದಿಯಲ್ಲೆಲ್ಲ ಸ್ಕೂಟರು. ಹವಳದ ಕಲ್ಲಿನ ಹಳೆಯ ಮಸೀದಿಯ ಕೆತ್ತನೆಯನ್ನು ನಾನು ಬಾಯಿಬಿಟ್ಟು ನೋಡುತ್ತಿದ್ದರೆ, ಇವರು ಅಂಗಳ ಗುಡಿಸುವವನ ಬಳಿ ನಿಂತು ಸಂಬಳ ಸರಿಯಾಗಿ ಬರುತ್ತದೆಯೇ, ರೂಮಿನಲ್ಲಿ ಗಾಳಿ ಉಂಟೇ ಎಂದು ವಿಚಾರಿಸುತ್ತಿದ್ದರು. ಗಲ್ಫಿನಲ್ಲಿದ್ದ ಹಾಗೆಯೇ ಬೆಳಕು ಹರಿಯುವ ಮೊದಲೇ ಎದ್ದು ತಮ್ಮ ಬಟ್ಟೆ ತಾವೇ ಒಗೆಯುವುದು, ಗಬಗಬನೆ ಊಟ ಮುಗಿಸಿ ಗಡಿಯಾರ ನೋಡುವುದು. ಯಾರಾದರೂ ಊರವರು ಸಿಕ್ಕಿಯಾರೆಂದು ಸಾವಿತ್ರಕ್ಕನ ಡಬ್ಬವನ್ನು ಹೋದಲ್ಲೆಲ್ಲ ಹೊತ್ತು ತಿರುಗುವುದು. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ದುಃಖವಾಯಿತು. ಬಾಗಿಲು ದಾಟಿದ್ದು ನಾನೊಬ್ಬಳೇ ಎನ್ನಿಸಿತು.

ಮರುದಿನ ಸಂಜೆ ಕಡಲ ದಂಡೆಯ ಕಟ್ಟೆಯ ಮೇಲೆ ಕೂತೆ. ಇವರು ನಿಂತೇ ಇದ್ದರು.

"ಹೋಗುವ, ಹೊತ್ತಾಯ್ತು."

"ಎಲ್ಲಿಗೆ? ನೀವು ಬರುವುದನ್ನು ಕಾದುಕಾದು ನನ್ನ ಪ್ರಾಯವೇ ಹೋಯ್ತು. ನೀವು ನನಗೋಸ್ಕರ ಒಂದು ಸಂಜೆ ಕೂತುಕೊಳ್ಳಿ. ನಾನಂತೂ ಏಳುವುದಿಲ್ಲ."

ಕೂತರು. ಎದುರಿನ ದ್ವೀಪಕ್ಕೆ ಜನರನ್ನು ಒಯ್ಯುವ ದೋಣಿಗಳು ಹೋದವು, ಬಂದವು. ಕಾಯುವವರಿಗೆ ಕೂರುವುದು ಗೊತ್ತಿರುತ್ತದೆ. ದುಡಿಯುವವರು ಅದನ್ನು ಹೊಸದಾಗಿ ಕಲಿಯಬೇಕೆಂದು ನನಗೆ ಅಂದೇ ತಿಳಿದದ್ದು. ಇವರೇ ಮಾತು ತೆಗೆದರು.

"ಅಲ್ಲಿ ಗಲ್ಫಿನಲ್ಲಿ ನನ್ನ ರೂಮಿನ ಹತ್ತಿರವೇ ಸಮುದ್ರ ಇತ್ತು. ಒಮ್ಮೆಯೂ ಹೋಗಿ ಕೂತದ್ದಿಲ್ಲ."

"ಎಂತಕ್ಕೆ?"

"ಕೂತರೆ ನಿನ್ನ ನೆನಪಾಗ್ತದೆ. ಮತ್ತೆ ಎದ್ದು ಕೆಲಸಕ್ಕೆ ಹೋಗ್ಲಿಕ್ಕೆ ಆಗ್ಬೇಕಲ್ಲ?"

ಅಷ್ಟು ವರ್ಷ ಫೋನಿನಲ್ಲಿ ಅಕ್ಕಿ, ಮಳೆ, ಮಕ್ಕಳ ಪರೀಕ್ಷೆ ಎಲ್ಲ ವಿಚಾರಿಸಿದವರು ಇದೊಂದನ್ನು ಹೇಳಿರಲಿಲ್ಲ. ನಾನು ಅತ್ತುಬಿಟ್ಟೆ, ಈ ಸಲ ಇವರ ಪಕ್ಕದಲ್ಲೇ ಕೂತು. ಏನು ಮಾಡುವುದೆಂದು ತಿಳಿಯದೆ ಇವರು ಡಬ್ಬದ ಹಗ್ಗ ಬಿಚ್ಚತೊಡಗಿದರು. ಯಾರ ಹೆಸರೂ ಇಲ್ಲದ ಆ ಚಿಪ್ಸನ್ನು ನಾವಿಬ್ಬರೇ ತಿಂದೆವು. ಕತ್ತಲಾದರೂ ಇವರು ಏಳುವ ಮಾತೆತ್ತಲಿಲ್ಲ.

ಈಗ ಹಗ್ಗ ಮೊಳೆಯಲ್ಲಿಲ್ಲ. ಊರಿಗೆ ಬಂದವರೇ ಇವರು ಅದನ್ನು ಅಂಗಳದ ಎರಡು ತೆಂಗಿನ ಮರಗಳ ನಡುವೆ ಎಳೆದು ಕಟ್ಟಿದರು. ಇನ್ನು ಎಲ್ಲಿಗೂ ಪೆಟ್ಟಿಗೆ ಕಟ್ಟುವುದಕ್ಕಿಲ್ಲವಲ್ಲ, ಬಟ್ಟೆಗಾದರೂ ಆಗಲಿ ಎಂದರು. ಮೊನ್ನೆ ಅದರ ಮೇಲೆ ಇವರ ಅಂಗಿ ಹರವುತ್ತಿದ್ದಾಗ ಸಾವಿತ್ರಕ್ಕ ಬೇಲಿಯ ಹತ್ತಿರ ಬಂದರು.

"ಅಂತೂ ಅಲ್ಲಿ ನಿಮ್ಮವರು ಯಾರಾದ್ರೂ ಸಿಕ್ಕಿದ್ರಾ?"

ಇವರು ಜಗಲಿಯಲ್ಲಿ ಕಾಲು ನೀಡಿ, ಗಡಿಯಾರದ ಕಡೆ ನೋಡದೆ, ಚಾ ಕುಡಿಯುತ್ತ ಕೂತಿದ್ದರು.

"ಸಿಕ್ಕಿದ್ರು ಅಕ್ಕ," ಎಂದೆ. "ಇವರೇ."