ಬಣ್ಣ ಹಚ್ಚದೆ ಬಿಟ್ಟ ಜಾಗ

ನನಗೆ ಕರೆಂಟು ಅಂದರೆ ಭಯ. ಹಾವು, ಕತ್ತಲೆ, ಡಾಕ್ಟರ ಸೂಜಿ ಯಾವುದಕ್ಕೂ ಹೆದರಿದವಳಲ್ಲ ನಾನು. ಕರೆಂಟಿಗೆ ಮಾತ್ರ ಹೆದರುತ್ತೇನೆ, ಹಾಗಂತ ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಚಿಕ್ಕವಳಿದ್ದಾಗ, ಭದ್ರಾವತಿಯ ಕ್ವಾರ್ಟರ್ಸಿನಲ್ಲಿ, ನಮ್ಮಮ್ಮ ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಿ ಅಂಟಿಕೊಂಡುಬಿಟ್ಟಿದ್ದಳು. ಬಾಯಿ ತೆರೆದಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ. ಎದುರಿಗೇ ನಿಂತಿದ್ದ ನಾನು ಅಮ್ಮ ಏನೋ ಆಟ ಆಡುತ್ತಿದ್ದಾಳೆ ಅಂದುಕೊಂಡು ನಕ್ಕೆ. ಪಕ್ಕದ ಮನೆಯ ತಮಿಳರ ಅಕ್ಕ ಓಡಿ ಬಂದು, ಕೂರುವ ಮಣೆಯಿಂದ ಬಡಿದು ಅವಳ ಕೈ ಬಿಡಿಸಿದರು. ಅಮ್ಮ ಬದುಕಿದಳು. ಆದರೆ ಆಮೇಲೆ ಸಾಯುವ ತನಕ ಮನೆಯ ಸ್ವಿಚ್ಚುಗಳನ್ನೆಲ್ಲ ಲಟ್ಟಣಿಗೆಯ ತುದಿಯಿಂದಲೇ ಒತ್ತುತ್ತಿದ್ದಳು.

ಇಂಥ ನಾನು ಕಟ್ಟಿಕೊಂಡಿದ್ದು ಮಿಷನ್ ರಿಪೇರಿಯವರನ್ನು. ಮನೆ ಹೊಸಮನೆ ಬಡಾವಣೆಯಲ್ಲಿ, ಶೆಡ್ಡು ಭದ್ರಾವತಿ ರಸ್ತೆಯ ಮಲವಗೊಪ್ಪದಲ್ಲಿ. ಮುಚ್ಚಿಹೋದ ವರ್ಕ್‌ಶಾಪುಗಳ ಹಳೇ ಲೇತು, ಡ್ರಿಲ್ಲಿಂಗ್ ಮಿಷನ್ನು, ಗುಜರಿಗೆ ಹೋಗಬೇಕಾದದ್ದೆಲ್ಲ ನಮ್ಮಲ್ಲಿಗೆ ಬರುತ್ತದೆ. ಒಳಗಿನ ಕೆಲಸ ನಮ್ಮನೆಯವರದು, ಮೈಮೇಲಿನ ಕೆಲಸ ನನ್ನದು. ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು, ಹಳೇ ಬಣ್ಣ ಕೆರೆದು, ಗುಂಡಿ ಬಿದ್ದಲ್ಲಿ ಪುಟ್ಟಿ ತುಂಬಿ, ತಿಕ್ಕಿ, ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ನಮ್ಮ ಕಡೆ ಪ್ರತಿ ಆಯುಧಪೂಜೆಗೂ ಮಿಷನ್ನಿಗೆ ಹೊಸ ಬಣ್ಣ ಬಳಿಯುವುದು ರೂಢಿ. ಜಿಡ್ಡು ಒರೆಸಬೇಕು, ತುಕ್ಕು ಕೆರೆಯಬೇಕು ಅನ್ನುವ ಗೊಡವೆ ಯಾರಿಗೂ ಇಲ್ಲ. ಎಣ್ಣೆ ಬಿಡುವ ತೂತನ್ನೂ ಬಿಡದೆ ಬಳಿದಿರುತ್ತಾರೆ, ಹಿಂದಿನ ವರ್ಷದ ಕುಂಕುಮವನ್ನೂ ಸೇರಿಸಿ. ಅದನ್ನೆಲ್ಲ ಕೆರೆಯುತ್ತಾ ಅವರ ವಂಶವನ್ನೇ ಬೈಯುವುದು ನನ್ನ ದಿನಚರಿ.

ನನ್ನದೂ ಒಂದು ಕಟ್ಟಳೆ ಇದೆ. ಮೈಯೆಲ್ಲ ಬಣ್ಣ ಹಚ್ಚಿದ ಮೇಲೂ ಮಿಷನ್ನಿನ ಕಾಲಿನ ಹತ್ತಿರ ರೂಪಾಯಿ ಅಗಲದ ಜಾಗವನ್ನು ಬರಿಗಬ್ಬಿಣವಾಗಿಯೇ ಬಿಡುತ್ತೇನೆ. ಅರ್ತಿಂಗ್ ವೈರನ್ನು ಬೋಲ್ಟು ಹಾಕಿ ಬಿಗಿಯುವುದು ಅಲ್ಲಿಗೇ. ಎಲ್ಲಾದರೂ ಕರೆಂಟು ಸೋರಿ ಮಿಷನ್ನಿನ ಮೈಗೆ ಬಂದರೆ ಆ ವೈರು ಅದನ್ನು ನೆಲಕ್ಕೆ ಇಳಿಸುತ್ತದೆ. ವೈರಿಲ್ಲದಿದ್ದರೆ ಮುಟ್ಟಿದವರ ಮೈಯೊಳಗಿಂದ ಇಳಿಯುತ್ತದೆ. ನಡುವೆ ಬಣ್ಣ ಬಂದರೆ ವೈರು ಇದ್ದೂ ಇಲ್ಲದ ಹಾಗೆ. ಸುಂದರಿಗೆ ದೃಷ್ಟಿಬೊಟ್ಟು ಇಟ್ಟೆಯಾ ಅಂತ ನಮ್ಮನೆಯವರು ಛೇಡಿಸುತ್ತಿದ್ದರು. ಛೇಡಿಸಿಕೊಳ್ಳಲಿ ಬಿಡಿ.

ಭದ್ರಾವತಿಯ ಒಬ್ಬ ಹುಡುಗ, ಹುಡುಗ ಅಂದರೆ ಮದುವೆಯಾದ ಗಂಡಸೇ, ಒಂದು ದೊಡ್ಡ ಡ್ರಿಲ್ಲಿಂಗ್ ಮಿಷನ್ನನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಅವನ ತಂದೆ ಆಯುಷ್ಯವೆಲ್ಲ ಅದರ ಮುಂದೆ ನಿಂತು ದುಡಿದು ತೀರಿಕೊಂಡವರು. ಅವರಿದ್ದ ವರ್ಕ್‌ಶಾಪು ಮುಚ್ಚಿದಾಗ ಗುಜರಿಯವರ ಅಂಗಳದಲ್ಲಿ ಮಗ ಅದನ್ನು ಗುರುತು ಹಿಡಿದು ಬಿಡಿಸಿಕೊಂಡು ಬಂದಿದ್ದ. ಸ್ವಂತ ವರ್ಕ್‌ಶಾಪು ಹಾಕುತ್ತೇನೆ, ಆಯುಧಪೂಜೆಯ ದಿನ ಅಪ್ಪನ ಮಿಷನ್ನಿಗೇ ಮೊದಲ ಪೂಜೆ ಅಂದ. ಅವನಿಗೆ ಗಿಳಿಹಸಿರು ಬಣ್ಣ ಬೇಕಿತ್ತು. ಅವನ ತಾಯಿ ಬೂದುಬಣ್ಣವೇ ಇರಲಿ ಅಂದರು. ತಾಯಿಯೇ ಗೆದ್ದರು.

ಬಣ್ಣ ಒಣಗಿದ ಮೇಲೆ ಆ ತಾಯಿ ಬಸ್ಸು ಹತ್ತಿ ನಮ್ಮ ಶೆಡ್ಡಿಗೆ ಬಂದರು. ಬಡಕಲು ಮೈಯ ಹೆಂಗಸು, ಜೋರು ಮಾತು. ಮಿಷನ್ನಿನ ಕಂಬದ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತರು. ಮೋಟಾರು ಇನ್ನೂ ಕೂರಿಸಿರಲಿಲ್ಲ.

"ಹಿಂಗೆ ಸತ್ತಂಗೆ ನಿಂತಿರೋವಾಗ ಮುಟ್ಟಿದ್ರೆ ಏನು ಬಂತಮ್ಮ. ಓಡ್ತಾ ಇರೋವಾಗ ಮುಟ್ಬೇಕು. ನಮ್ಮ ಯಜಮಾನ್ರು ಹಂಗೇ ಕೈ ಇಟ್ಟು ನೋಡೋರು, ಸರಿ ಇದೆಯೋ ಇಲ್ವೋ ಅಂತ. ವರ್ಕ್‌ಶಾಪಿನವರು ನನ್ನ ಒಂದಿನಾನೂ ಒಳಗೆ ಬಿಡ್ಲಿಲ್ಲ. ಪೂಜೆ ದಿನ ಮುಟ್ತೀನಿ ನೋಡು," ಅಂದರು.

"ಮುಟ್ಟಿ ಅಮ್ಮ, ನಿಮ್ಮದೇ ಅಲ್ವಾ," ಅಂದೆ ನಾನು.

ಹಬ್ಬಕ್ಕೆ ಮುಂಚೆಯೇ ನಮ್ಮನೆಯವರು ಭದ್ರಾವತಿಗೆ ಹೋಗಿ ಮಿಷನ್ನು ಕೂರಿಸಿ, ಹಳೇ ಮೋಟಾರನ್ನೇ ಜೋಡಿಸಿ, ಅರ್ತಿಂಗ್ ಕೊಟ್ಟು ಬಂದರು. ಆಯುಧಪೂಜೆಯ ಬೆಳಿಗ್ಗೆ ನಾವು ನಮ್ಮ ಶೆಡ್ಡಿನಲ್ಲಿ ಪೂಜೆ ಮುಗಿಸಿ ಮಂಡಕ್ಕಿ ಹಂಚುತ್ತಿದ್ದೆವು. ಆಗ ಭದ್ರಾವತಿಯ ಆ ಹುಡುಗನ ಫೋನು ಬಂತು. ಅವನ ಹಿಂದೆ ಎಲ್ಲೋ ಮೈಕಿನಲ್ಲಿ ಹಾಡು ಕಿವಿ ಹರಿಯುವ ಹಾಗೆ ಹಾಕಿದ್ದರು.

"ಅಕ್ಕ, ಬಂದುಬಿಡಿ, ಇನ್ನೇನು ಪೂಜೆ ಶುರು. ಮಿಷನ್ನು ಎಲ್ಲರೂ ಮೆಚ್ಕೊಂಡ್ರು. ಒಂದು ಕಡೆ ಮಾತ್ರ ನೀವು ಬಣ್ಣ ಹಚ್ಚೋದು ಮರ್ತಿದ್ರಿ, ಕಾಲಿನ ಹತ್ರ. ನಾನೇ ಪುಟ್ಟಿ ತುಂಬಿ ಬಣ್ಣ ಹಚ್ದೆ. ಗೊತ್ತೇ ಆಗಲ್ಲ ಈಗ."

"ಅಲ್ಲೊಂದು ವೈರಿತ್ತಲ್ಲಪ್ಪ, ಹಸಿರು ವೈರು?"

"ಅದಾ? ನೋಡಕ್ಕೆ ಅಸಹ್ಯ ಕಾಣ್ತಿತ್ತು, ಕಟ್ ಮಾಡ್ದೆ. ಅದಿಲ್ದೇನೂ ಚೆನ್ನಾಗೇ ಓಡ್ತು ಅಕ್ಕ, ಅದೇನೂ ಕೆಲಸ ಮಾಡ್ತಿರ್ಲಿಲ್ಲ."

ಸ್ವಿಚ್ಚು ಹಾಕಬೇಡ, ಯಾರೂ ಮುಟ್ಟಬೇಡಿ ಅಂತ ಕಿರುಚಿದೆ. ಅವನಿಗೆ ಏನು ಕೇಳಿಸಿತೋ, "ಬನ್ನಿ ಅಕ್ಕ, ಬನ್ನಿ, ಕಾಯ್ತೀವಿ," ಅಂತ ಹೇಳಿ ಇಟ್ಟುಬಿಟ್ಟ. ಮತ್ತೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ.

ನಮ್ಮನೆಯವರ ಕಡೆ ತಿರುಗಿದೆ. ಎಂಥ ಅನಾಹುತವಾದರೂ "ಏನೂ ಆಗಲ್ಲ ಮಾರಾಯ್ತಿ" ಅನ್ನುವ ಗಂಡಸು ಅವರು. ಅವತ್ತೂ ಅದನ್ನೇ ಅನ್ನುತ್ತಾರೆ, ನಾನು ಬೈಯುತ್ತೇನೆ, ಸ್ವಲ್ಪ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವರು ಅನ್ನಲಿಲ್ಲ. ಕೈಯಲ್ಲಿದ್ದ ಮಂಡಕ್ಕಿ ತಟ್ಟೆಯನ್ನು ಕೆಳಗಿಟ್ಟು ಸ್ಕೂಟರ್ ಕೀ ಹುಡುಕತೊಡಗಿದರು.

"ಏನ್ರೀ? ಏನಿದೆ ಅದ್ರಲ್ಲಿ? ಹೇಳ್ರಿ," ಅಂದೆ.

"ಮೋಟಾರು ಸ್ವಲ್ಪ ಹೊಡೀತಿತ್ತು ಕಣೇ. ಅರ್ತಿಂಗ್ ಕೊಡೋಕೆ ಮುಂಚೆ ಮೈ ಮುಟ್ಟಿದ್ರೆ ಜುಮ್ ಅಂತಿತ್ತು. ಅರ್ತಿಂಗ್ ಕೊಟ್ಟ ಮೇಲೆ ನಿಂತೋಯ್ತು. ಹಬ್ಬ ಆದ್ಮೇಲೆ ಬಿಚ್ಚಿ ಒಳಗೆ ಹೊಸ ತಂತಿ ಸುತ್ಸಿ ರಿವೈಂಡಿಂಗ್ ಮಾಡ್ಸೋಣ ಅಂತಿದ್ದೆ."

ನಾನು ಆ ಮನುಷ್ಯನನ್ನು ಏನೇನು ಅಂದೆ ಅಂತ ಇಲ್ಲಿ ಬರೆಯುವುದಿಲ್ಲ. ಅನ್ನುತ್ತಲೇ ಹಿಂದಿನ ಸೀಟಿನಲ್ಲಿ ಕೂತೆ.

ಆ ದಾರಿಯಲ್ಲಿ ನಾನು ಎಷ್ಟು ಸಲ ಓಡಾಡಿಲ್ಲ. ಅವತ್ತಿನಷ್ಟು ಉದ್ದ ಅದು ಯಾವತ್ತೂ ಇರಲಿಲ್ಲ. ಬಾಳೆಕಂಬ ಕಟ್ಟಿಕೊಂಡ ಬಸ್ಸುಗಳು, ಹಾರ ಹಾಕಿಕೊಂಡ ಲಾರಿಗಳು, ಎಲ್ಲವೂ ಮದುವೆ ದಿಬ್ಬಣದ ಹಾಗೆ ನಿಧಾನ. ಒಡೆದ ಬೂದುಗುಂಬಳ ಕಾಯಿಯ ಮೇಲೆ ಸ್ಕೂಟರ್ ಜಾರಿ, ಬೀಳುವಂತಾಗಿ, ಹೇಗೋ ನೆಟ್ಟಗಾಯಿತು. ಒಂದು ಕೈಯಲ್ಲಿ ಅವರ ಭುಜ ಹಿಡಿದು ಇನ್ನೊಂದು ಕೈಯಲ್ಲಿ ಫೋನು ಮಾಡುತ್ತಲೇ ಇದ್ದೆ. ಇವತ್ತಿನ ದಿನ ಅಂಗಡಿಗಳನ್ನೆಲ್ಲ ತೊಳೆದಿರುತ್ತಾರೆ, ನೆಲವೆಲ್ಲ ನೀರಿರುತ್ತದೆ. ಪೂಜೆಯಾದ್ದರಿಂದ ಚಪ್ಪಲಿ ಹೊರಗೆ ಬಿಟ್ಟಿರುತ್ತಾರೆ. ಆ ತಾಯಿಯ ಕೈ ಒದ್ದೆಯಿರುತ್ತದೆ, ಒದ್ದೆ ಕೈಯನ್ನು ತೆಳ್ಳನೆಯ ಬಣ್ಣ ಕಾಯುವುದಿಲ್ಲ. ಮುಟ್ಟಿ ಅಮ್ಮ, ನಿಮ್ಮದೇ ಅಲ್ವಾ ಅಂತ ಬೇರೆ ಅಂದಿದ್ದೇನೆ. ಒಂದೊಂದೇ ನೆನಪಾಗತೊಡಗಿತು.

"ನನಗೆ ಯಾಕ್ರೀ ಹೇಳ್ಲಿಲ್ಲ?" ಅಂತ ಅವರ ಕಿವಿಯಲ್ಲಿ ಕೂಗಿದೆ.

"ಹೇಳಿದ್ರೆ ಹಬ್ಬಕ್ಕೆ ಮಿಷನ್ ಕೊಡೋಕೆ ಬಿಡ್ತಿದ್ಯಾ ನೀನು?"

"ಬಿಡ್ತಿರ್ಲಿಲ್ಲ."

"ಅದಕ್ಕೇ," ಅಂದರು. ದನಿ ನಡುಗುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವರ ದನಿ ನಡುಗಿದ್ದನ್ನು ನಾನು ಕೇಳಿರಲಿಲ್ಲ.

ಅವನ ವರ್ಕ್‌ಶಾಪಿನ ಬೀದಿಗೆ ತಿರುಗುವಾಗಲೇ ಮೈಕಿನ ಹಾಡು ಕೇಳಿಸಿತು. ಸ್ಕೂಟರ್ ನಿಲ್ಲುವ ಮೊದಲೇ ಇಳಿದು ಓಡಿದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನೆಲ ಒದ್ದೆ, ರಂಗೋಲಿ ಕದಡಿಹೋಗಿತ್ತು. ಮಿಷನ್ನಿಗೆ ಸೇವಂತಿಗೆ ಹಾರ, ಕಾಲಿನ ಹತ್ತಿರ ನುಣ್ಣಗೆ ಹಚ್ಚಿದ ಹೊಸ ಬಣ್ಣ. ಮಂಗಳಾರತಿ ಮುಗಿದಿತ್ತು. ನೆಂಟರು, ಅಕ್ಕಪಕ್ಕದ ವರ್ಕ್‌ಶಾಪಿನವರು ಕೈಮುಗಿದು ನಿಂತಿದ್ದರು. ಮಗ ಗೋಡೆಯ ಹತ್ತಿರ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು, ನನ್ನನ್ನು ನೋಡಿ, ಬಂದಿರಾ ಅನ್ನುವ ಹಾಗೆ ನಕ್ಕ.

ಬೇಡ ಅಂತ ಕೂಗಿದೆ. ಹಾಡಿನ ಗದ್ದಲದಲ್ಲಿ ಅವನಿಗೆ ಹಾಕು ಅಂತ ಕೇಳಿಸಿತೋ ಏನೋ, ತಲೆ ಆಡಿಸಿ ಸ್ವಿಚ್ಚು ಹಾಕಿದ.

ಮಿಷನ್ನು ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಹೋದರು, ಬರಿಗಾಲಲ್ಲಿ, ಅಂಗೈ ಮುಂದೆ ಚಾಚಿಕೊಂಡು. ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ. ನಾನು ಜನರ ನಡುವೆ ನುಗ್ಗಿ, ಅವರ ಸೀರೆಯನ್ನು ಬೆನ್ನ ಹಿಂದಿನಿಂದ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಆ ಬಡಕಲು ಮೈ ಹಾರಿ ಬಂದು ಒದ್ದೆ ನೆಲದ ಮೇಲೆ ಬಿತ್ತು. ಎಡಗೈ ಮೈಯ ಅಡಿಗೆ ಸಿಕ್ಕಿತು. ಅವರು ಚೀರಿದರು.

ಯಾರೋ ಹೆಂಗಸು ನನ್ನ ರಟ್ಟೆಗೆ ಹೊಡೆದರು. ತಲೆ ಕೆಟ್ಟಿದೆಯಾ ಇವಳಿಗೆ, ಪೂಜೆ ದಿನ ಎಂಥ ಅಪಶಕುನ ಅಂತ ಇನ್ಯಾರೋ ಅಂದರು. ಮಗ ಓಡಿ ಬಂದು ತಾಯಿಯನ್ನು ಎತ್ತುತ್ತಾ ನನ್ನ ಮೇಲೆ ರೇಗಿದ. ಒಂದು ವೇಳೆ ಮಿಷನ್ನಿನಲ್ಲಿ ಏನೂ ಇಲ್ಲದಿದ್ದರೆ ಅನ್ನುವ ಹೊಸ ಭಯ ನನ್ನನ್ನು ಹಿಡಿದುಕೊಂಡಿತ್ತು.

ನಮ್ಮನೆಯವರು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರು. ಅದಕ್ಕೂ ಯಾರೋ ಗದರಿದರು. ಅವರು ಯಾರ ಮುಖವನ್ನೂ ನೋಡದೆ ಜೇಬಿನಿಂದ ಟೆಸ್ಟರ್ ತೆಗೆದು, ಎಣ್ಣೆ ತೂತಿನ ಬಳಿಯ ಬರಿಗಬ್ಬಿಣಕ್ಕೆ ತುದಿ ತಾಗಿಸಿದರು. ಟೆಸ್ಟರಿನ ಒಳಗಿನ ದೀಪ ಹತ್ತಿತು. ಮಂಕಾಗಿ ಅಲ್ಲ, ಚೆನ್ನಾಗಿಯೇ, ಕೆಂಪಗೆ ಹತ್ತಿತು. ಹತ್ತಿರ ನಿಂತವರೆಲ್ಲ ಅದನ್ನು ನೋಡಿದರು. ಅವರಲ್ಲಿ ಹೆಚ್ಚಿನವರು ವರ್ಕ್‌ಶಾಪಿನ ಕೆಲಸದವರೇ, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಒಬ್ಬೊಬ್ಬರೇ ಹಿಂದೆ ಸರಿದರು. ಮಗ ತಾಯಿಯನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟ.

ನಮ್ಮನೆಯವರು ಮೇನ್ ಸ್ವಿಚ್ಚು ಇಳಿಸಿ, ಫ್ಯೂಸು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ಆಮೇಲೆ ಮೋಟಾರಿಗೆ ಬರುವ ವೈರುಗಳನ್ನು ಬಿಚ್ಚಿ, ತುದಿಗಳನ್ನು ಕೈಯಲ್ಲಿ ಎತ್ತಿ ಹಿಡಿದು ತೋರಿಸಿದರು.

"ಇನ್ನು ಇದು ಬರೀ ಕಬ್ಬಿಣ ಅಮ್ಮ. ಮೋಟಾರು ಬದಲಾಯಿಸೋ ತನಕ ಹಿಂಗೇ ಇರ್ಲಿ. ತಪ್ಪು ನಂದು," ಅಂದರು.

ತಾಯಿಯ ಮುಂಗೈ ಊದಿಕೊಳ್ಳುತ್ತಿತ್ತು. ಆಸ್ಪತ್ರೆಗೆ ಹೋಗೋಣ, ಆಟೋ ಬಂತು ಅಂತ ಸೊಸೆ ಕರೆದಳು. ಅವರು ಏಳಲಿಲ್ಲ. ಮೊದಲು ಅದನ್ನು ಮುಟ್ಟಬೇಕು, ಆಮೇಲೆ ಎಲ್ಲಿಗಾದರೂ ಬರ್ತೀನಿ ಅಂದರು. ಮಗ ಹಿಡಿದು ಎಬ್ಬಿಸಿ ಮಿಷನ್ನಿನ ಮುಂದೆ ನಿಲ್ಲಿಸಿದ. ಅಲ್ಲಿ ನಿಂತ ಮೇಲೆ ಅವರ ಒಳ್ಳೆಯ ಕೈ ಮೇಲೇಳಲಿಲ್ಲ. ಟೆಸ್ಟರಿನ ದೀಪವನ್ನು ಅವರೂ ನೋಡಿದ್ದರು.

"ನೋಡಿ ಅಮ್ಮ, ನಾನೇ ಮುಟ್ತೀನಿ," ಅಂತ ನಮ್ಮನೆಯವರು ಮುಂದೆ ಬಂದರು.

"ನೀನು ಬೇಡಪ್ಪ. ನಿನಗೆ ಹೆದರಿಕೆ ಅನ್ನೋದೇ ಇಲ್ಲ. ಇವಳು ಮುಟ್ಲಿ, ನಾನು ನಂಬ್ತೀನಿ," ಅಂದರು ಆ ತಾಯಿ, ನನ್ನ ಕಡೆ ತಿರುಗಿ.

ಎಲ್ಲರೂ ನನ್ನನ್ನೇ ನೋಡಿದರು. ಓಡಿ ಬಂದ ರಭಸಕ್ಕೆ ನನ್ನ ಚಪ್ಪಲಿ ಎಲ್ಲೋ ಕಳಚಿಹೋಗಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದೇನೆ ಅಂತ ಗೊತ್ತಾದದ್ದು ಆಗಲೇ. ಫ್ಯೂಸು ಗಂಡನ ಜೇಬಿನಲ್ಲಿದೆ, ವೈರು ಅವರ ಕೈಯಲ್ಲಿದೆ, ಬುದ್ಧಿಗೆ ಎಲ್ಲ ಗೊತ್ತಿತ್ತು. ಕೈಗೆ ಮಾತ್ರ ಗೊತ್ತಿರಲಿಲ್ಲ. ಆ ಮಿಷನ್ನಿನ ಮೈಯ ಇಂಚಿಂಚನ್ನೂ ತಿಕ್ಕಿದ ಕೈ ಅದು, ಈಗ ಅದನ್ನು ಮುಟ್ಟು ಅಂದರೆ ಸೀರೆಯ ನೆರಿಗೆ ಬಿಡಲೊಲ್ಲದು. ಆಗಲ್ಲ ಅಮ್ಮ ಅಂದುಬಿಡಬೇಕು ಅನ್ನಿಸಿತು. ಅಂದರೆ ಅವರು ಇನ್ನು ಯಾವತ್ತೂ ಅದರ ಹತ್ತಿರ ಹೋಗುವುದಿಲ್ಲ ಅಂತಲೂ ಗೊತ್ತಿತ್ತು.

ನೆರಿಗೆ ಬಿಟ್ಟು ಕಂಬದ ಮೇಲೆ ಅಂಗೈ ಇಟ್ಟೆ. ಬಣ್ಣ ತಣ್ಣಗಿತ್ತು.

"ಹೆದರಿಕೆ ಹೋಯ್ತಾ?" ಅಂತ ಕೇಳಿದರು.

"ಇಲ್ಲ ಅಮ್ಮ."

"ಹ್ಞೂಂ," ಅಂದು ಅವರು ತಮ್ಮ ಕೈಯನ್ನು ಮೊದಲು ನನ್ನ ಕೈಯ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದು, ಆಮೇಲೆ ಒಂದೊಂದೇ ಬೆರಳು ಜಾರಿಸಿ ಕಬ್ಬಿಣದ ಮೇಲೆ ಊರಿದರು. ಅವರು ಕಣ್ಣು ಮುಚ್ಚಿಕೊಂಡಿದ್ದರು. ನಾನು ಮುಚ್ಚಲಿಲ್ಲ. ನಮ್ಮನೆಯವರ ಕೈಯಲ್ಲಿದ್ದ ವೈರಿನ ತುದಿಗಳನ್ನೇ ನೋಡುತ್ತಾ ನಿಂತಿದ್ದೆ.